ಸಂಶ್ಲೇಷಿತ ಶ್ರೀಗಂಧ: ಗುಣ, ಬಳಕೆ ಮತ್ತು ಲೆಕ್ಕಾಚಾರ

ಊದುಬತ್ತಿ, ಸಾಬೂನು ತಯಾರಿಕೆಯಲ್ಲಿ ತೊಡಗಿರುವ ಸಣ್ಣ ಉದ್ಯಮಿಗಳಿಗಾಗಿ ಒಂದು ಅಧ್ಯಯನ

ಶ್ರೀಗಂಧವನ್ನು 1792ರಲ್ಲಿ ರಾಜವೃಕ್ಷವೆಂದು ಘೋಷಿಸಿದ ಟಿಪ್ಪು ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣ. ಅಂದಿನಿಂದ ಎರಡು ಶತಮಾನಗಳಿಗೂ ಮಿಕ್ಕಿ ಈ ಸೀಮೆಯಲ್ಲಿ ಗಂಧದ ಮರವೆಂದರೆ ಸರ್ಕಾರದ ಸ್ವತ್ತು. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿ ಬೆಳೆದರೂ ಅದು ಅವನದಾಗಿರಲಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯಿಂದ ಜಮೀನಿನ ಒಡೆಯನಿಗೆ ಮರದ ಒಡೆತನವೂ ದೊರೆಯಿತು.

ಇಂದು ಶ್ರೀರಂಗನಾಥಸ್ವಾಮಿ ದೇವಾಲಯದ ಮುಂದಿನ ಅಂಗಡಿಗಳಲ್ಲಿ, ಗಂಜಾಂನ ನಿಮಿಷಾಂಬೆಯ ಸನ್ನಿಧಿಯಲ್ಲಿ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿ ಉತ್ಸವದಲ್ಲಿ, ಕೃಷ್ಣರಾಜಪೇಟೆಯ ಹೇಮಗಿರಿ ಜಾತ್ರೆಯಲ್ಲಿ, ನಾಗಮಂಗಲದ ಆದಿಚುಂಚನಗಿರಿಯಲ್ಲಿ, ಎಲ್ಲೆಡೆ ‘ಗಂಧದ ಕಡ್ಡಿ’ ಅಗ್ಗದ ಪೊಟ್ಟಣಗಳಲ್ಲಿ ದೊರೆಯುತ್ತದೆ. ಶ್ರೀಗಂಧದೆಣ್ಣೆಯಾದರೋ ಕೆ.ಜಿ.ಗೆ ಲಕ್ಷ ರೂಪಾಯಿಗಳ ಲೆಕ್ಕದಲ್ಲಿ ಮಾರಾಟವಾಗುವ ವಸ್ತು. ಆ ದರದ ಎಣ್ಣೆಯನ್ನು ಈ ದರದ ಪೊಟ್ಟಣಕ್ಕೆ ಹಾಕಲು ಯಾವ ತಯಾರಕನಿಗೂ ಸಾಧ್ಯವಿಲ್ಲವೆಂಬುದು ಸಾಮಾನ್ಯ ಗಣಿತ. ಅಗ್ಗದ ಕಡ್ಡಿಯಲ್ಲಿ ಬರುವ ಪರಿಮಳ ಮರದ್ದಲ್ಲ. ಕಾರ್ಖಾನೆಯಲ್ಲಿ ತಯಾರಾದ ಸುಗಂಧ ರಾಸಾಯನಿಕದ್ದು. ಇದರಲ್ಲಿ ಮುಚ್ಚುಮರೆಯ ವಿಷಯವೇನೂ ಇಲ್ಲ. ಜಗತ್ತಿನ ಸುಗಂಧೋದ್ಯಮವೇ ಇಂತಹ ಪದಾರ್ಥಗಳ ಮೇಲೆ ನಿಂತಿದೆ. ಆದರೆ ಕೊಳ್ಳುತ್ತಿರುವುದು ಏನನ್ನು, ಅದನ್ನು ಪೊಟ್ಟಣದ ಮೇಲೆ ಯಾವ ಹೆಸರಿನಿಂದ ಕರೆಯಬೇಕು, ಲೆಕ್ಕಪುಸ್ತಕದಲ್ಲಿ ಹೇಗೆ ಕಾಣಿಸಬೇಕು ಎಂಬ ಮೂರು ಸಂಗತಿಗಳಲ್ಲಿ ಎಡವಿ ನಷ್ಟಕ್ಕೆ ಗುರಿಯಾಗುವ ಸಣ್ಣ ಘಟಕಗಳು ಅನೇಕ.

2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಊದುಬತ್ತಿಯ ಆಮದನ್ನು ‘ಮುಕ್ತ’ ಪಟ್ಟಿಯಿಂದ ‘ನಿರ್ಬಂಧಿತ’ ಪಟ್ಟಿಗೆ ಸೇರಿಸಿತು. 2020ರ ಜೂನ್‌ನಲ್ಲಿ ಬಿದಿರಿನ ಮೇಲಿನ ಆಮದು ಸುಂಕವನ್ನು ಶೇ. 10ರಿಂದ ಶೇ. 25ಕ್ಕೆ ಏರಿಸಲಾಯಿತು. ಇದರ ಫಲವಾಗಿ ದೇಶದೊಳಗೇ ಕಚ್ಚಾ ಬತ್ತಿ ತಯಾರಿಸುವ, ಅದಕ್ಕೆ ಸುಗಂಧ ಹಚ್ಚಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಹೊಸಬರು ಬರತೊಡಗಿದರು. ಯಂತ್ರ ಕೊಳ್ಳುವಾಗ ನೂರು ಪ್ರಶ್ನೆ ಕೇಳುವ ಈ ಹೊಸ ಉದ್ಯಮಿಗಳು, ಖರ್ಚಿನ ದೊಡ್ಡ ಪಾಲನ್ನು ನುಂಗುವ ಸೆಂಟಿನ ವಿಷಯದಲ್ಲಿ ಮಾತ್ರ ಮಾರುವವನ ಮಾತನ್ನೇ ನಂಬುತ್ತಾರೆ.

ಮರದ ಎಣ್ಣೆ

ಹೋಲಿಕೆಗಾಗಿ ಮೊದಲು ಮೂಲವಸ್ತುವಿನ ಪರಿಚಯ ಅಗತ್ಯ. ಮೈಸೂರು ಸಂಸ್ಥಾನದ ಗಂಧದ ಮರ ಮೊದಲ ಮಹಾಯುದ್ಧದವರೆಗೂ ಮುಖ್ಯವಾಗಿ ಜರ್ಮನಿಗೆ ರಫ್ತಾಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ಮಾರುಕಟ್ಟೆ ಮುಚ್ಚಿಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ನೆರವಿನಿಂದ ಇಲ್ಲಿಯೇ ಭಟ್ಟಿ ಇಳಿಸುವ ಕೆಲಸ ಆರಂಭವಾಯಿತು. 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಸ್ಥಾಪನೆಯಾಯಿತು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ಬಂದಿತು. ಇವೇ ಮುಂದೆ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾಗಿ ರೂಪುಗೊಂಡವು. ಶುದ್ಧ ಶ್ರೀಗಂಧದೆಣ್ಣೆಯ ಬಳಕೆಯನ್ನೇ ತನ್ನ ಗುರುತಾಗಿ ಉಳಿಸಿಕೊಂಡಿರುವ ಮೈಸೂರು ಸ್ಯಾಂಡಲ್ ಸಾಬೂನು ಆ ಪರಂಪರೆಯದು.

ಮರದ ಚೇಗಿನಲ್ಲಿ ಮಾತ್ರ ಎಣ್ಣೆ ಇರುತ್ತದೆ. ನೂರು ಕೆ.ಜಿ. ಚೇಗಿನಿಂದ ದೊರೆಯುವುದು ಸುಮಾರು 4ರಿಂದ 6 ಕೆ.ಜಿ. ಚೇಗು ಕೂಡಿಕೊಳ್ಳಲು ಕನಿಷ್ಠ ಹದಿನೈದು ವರ್ಷ ಬೇಕು. ಒಳ್ಳೆಯ ಮರಕ್ಕೆ ಇಪ್ಪತ್ತೈದು ಮೂವತ್ತು ವರ್ಷ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗ, ಕಳ್ಳಸಾಗಣೆ, ಹಳೆಯ ಕಾನೂನಿನಿಂದಾಗಿ ರೈತನಿಗಿದ್ದ ನಿರಾಸಕ್ತಿ, ಈ ಮೂರೂ ಸೇರಿ ಸರಬರಾಜನ್ನು ಬತ್ತಿಸಿದವು. ಎಣ್ಣೆಯ ಪರಿಮಳಕ್ಕೆ ಕಾರಣವಾದದ್ದು ಸಾಂಟಲಾಲ್ ಎಂಬ ಮದ್ಯಸಾರ ವರ್ಗದ ಅಣು. ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 3518ರ ಪ್ರಕಾರ ಭಾರತೀಯ ಶ್ರೀಗಂಧದೆಣ್ಣೆಯಲ್ಲಿ ಆಲ್ಫಾ ಸಾಂಟಲಾಲ್ ಶೇ. 41ರಿಂದ 55, ಬೀಟಾ ಸಾಂಟಲಾಲ್ ಶೇ. 16ರಿಂದ 24 ಇರಬೇಕು. ‘ಶುದ್ಧ ಗಂಧದೆಣ್ಣೆ’ ಎಂದು ಹೇಳಿ ಯಾರಾದರೂ ಮಾರಲು ಬಂದರೆ ಈ ಎರಡು ಅಂಕಿಗಳಿರುವ ವಿಶ್ಲೇಷಣಾ ಪತ್ರವನ್ನು ಕೇಳುವುದು ಕೊಳ್ಳುವವನ ಹಕ್ಕು.

ಕರ್ಪೂರದ ದಾಯಾದಿ

ಸಂಶ್ಲೇಷಿತ ಶ್ರೀಗಂಧಗಳಲ್ಲಿ ಊದುಬತ್ತಿ ಮತ್ತು ಸಾಬೂನಿನ ತಯಾರಕರಿಗೆ ಹೆಚ್ಚು ಪರಿಚಿತವಾದುದು ಐಸೋಬಾರ್ನೈಲ್ ಸೈಕ್ಲೋಹೆಕ್ಸನಾಲ್. ವ್ಯಾಪಾರದಲ್ಲಿ ಇದನ್ನು ಚಿಕ್ಕದಾಗಿ ಐ.ಬಿ.ಸಿ.ಎಚ್. ಎನ್ನುತ್ತಾರೆ. ಗಿವಾಡಾನ್ ಕಂಪನಿಯ ‘ಸ್ಯಾಂಡೆಲಾ’ ಇದೇ ಬಗೆಯದು. ಕಳೆದ ಶತಮಾನದ ಮಧ್ಯಭಾಗದಿಂದಲೂ ಬಳಕೆಯಲ್ಲಿರುವ ಪದಾರ್ಥ ಇದು.

ಇದರ ಹುಟ್ಟು ಸ್ವಾರಸ್ಯಕರ. ದೇವದಾರು ಜಾತಿಯ ಪೈನ್ ಮರದ ಅಂಟಿನಿಂದ, ಇಲ್ಲವೇ ಕಾಗದದ ಕಾರ್ಖಾನೆಗಳ ಉಪ ಉತ್ಪನ್ನವಾಗಿ ಟರ್ಪೆಂಟೈನ್ ದೊರೆಯುತ್ತದೆ. ಅದರಲ್ಲಿರುವ ಆಲ್ಫಾ ಪೈನೀನ್ ಎಂಬ ಅಂಶವನ್ನು ಕ್ಯಾಂಫೀನ್ ಆಗಿ ಪರಿವರ್ತಿಸುತ್ತಾರೆ. ಇದೇ ಕ್ಯಾಂಫೀನ್‌ನಿಂದ ಒಂದು ದಾರಿಯಲ್ಲಿ ಹೋದರೆ ಮಂಗಳಾರತಿಯ ಕರ್ಪೂರ. ಇನ್ನೊಂದು ದಾರಿಯಲ್ಲಿ, ಗ್ವಯಕಾಲ್ ಎಂಬ ಫೀನಾಲ್ ವರ್ಗದ ಪದಾರ್ಥದೊಡನೆ ಆಮ್ಲೀಯ ವೇಗವರ್ಧಕದ ಸಮ್ಮುಖದಲ್ಲಿ ಕೂಡಿಸಿ, ಬಳಿಕ ಜಲಜನಕವನ್ನು ಹಾಯಿಸಿದರೆ ಐ.ಬಿ.ಸಿ.ಎಚ್. ಆದ್ದರಿಂದ ಪೂಜೆಯ ತಟ್ಟೆಯಲ್ಲಿ ಅಕ್ಕಪಕ್ಕ ಇರುವ ಕರ್ಪೂರ ಮತ್ತು ಅಗ್ಗದ ಗಂಧದ ಕಡ್ಡಿ ಬಹುಮಟ್ಟಿಗೆ ಒಂದೇ ಟರ್ಪೆಂಟೈನ್ ಪೀಪಾಯಿಯ ಸಂತಾನ. ಟರ್ಪೆಂಟೈನ್ ದರ ಏರಿದಾಗ ಕರ್ಪೂರ ಮತ್ತು ಸಂಶ್ಲೇಷಿತ ಗಂಧ ಎರಡರ ಬೆಲೆಯೂ ಒಟ್ಟಿಗೆ ಏರುವುದಕ್ಕೆ ಕಾರಣ ಇಲ್ಲಿದೆ. ಕರ್ಪೂರದ ದರವನ್ನು ದಿನವೂ ಗಮನಿಸುವ ದಿನಸಿ ವರ್ತಕನಿಗೆ ಗಂಧದ ಸೆಂಟಿನ ದರ ಯಾವ ಕಡೆ ವಾಲುತ್ತಿದೆ ಎಂಬುದರ ಸುಳಿವು ಅಲ್ಲಿಯೇ ಸಿಗುತ್ತದೆ.

ಆಲ್ಫಾ ಪೈನೀನ್‌ನಿಂದಲೇ ಕ್ಯಾಂಫೋಲೆನಿಕ್ ಆಲ್ಡಿಹೈಡ್ ಎಂಬ ಮತ್ತೊಂದು ಮಾರ್ಗವಾಗಿ ಹುಟ್ಟಿದ ಇನ್ನೊಂದು ಕುಟುಂಬವಿದೆ: ಗಿವಾಡಾನ್‌ನ ಸ್ಯಾಂಡಲೋರ್, ಎಬನಾಲ್ ಮತ್ತು ಜಾವನಾಲ್, ಫರ್ಮೆನಿಷ್‌ನ ಪಾಲಿಸಾಂಟಾಲ್, ಐ.ಎಫ್.ಎಫ್.ನ ಬ್ಯಾಕ್ಡನಾಲ್. ಇವು ಐ.ಬಿ.ಸಿ.ಎಚ್.ಗಿಂತ ದುಬಾರಿ, ಆದರೆ ಅಲ್ಪ ಪ್ರಮಾಣದಲ್ಲೇ ಪರಿಣಾಮ ಬೀರುತ್ತವೆ. ಜಾವನಾಲ್ ಅಂತೂ ಈ ಕುಟುಂಬದಲ್ಲಿ ಅತ್ಯಂತ ಪ್ರಬಲವಾದವುಗಳಲ್ಲಿ ಒಂದು. 2020ರಲ್ಲಿ ಬಿ.ಎ.ಎಸ್.ಎಫ್. ಕಂಪನಿಯು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸಿದ ಸಾಂಟಲಾಲನ್ನೂ ಮಾರುಕಟ್ಟೆಗೆ ತಂದಿತು. ಸಣ್ಣ ಊದುಬತ್ತಿ ಘಟಕದ ಮಟ್ಟಿಗೆ ಅದು ಸದ್ಯ ದೂರದ ಮಾತು.

ಗುಣಲಕ್ಷಣಗಳು

ಐ.ಬಿ.ಸಿ.ಎಚ್. ಬಣ್ಣವಿಲ್ಲದ, ಜೇನಿನಂತೆ ಮಂದವಾದ ದ್ರವ. ನೀರಿನಲ್ಲಿ ಕರಗದು, ಮದ್ಯಸಾರ, ಡಿ.ಇ.ಪಿ. ಮತ್ತು ಇತರ ಸುಗಂಧ ತೈಲಗಳಲ್ಲಿ ಕರಗುತ್ತದೆ. ಪರಿಮಳ ಒಣಗಿದ ಮರದ್ದು, ತೆಳುವಾದ ಗಂಧದ್ದು. ಶ್ರೀಗಂಧದೆಣ್ಣೆಯ ಹಾಲುಕೆನೆಯಂತಹ ಸ್ನಿಗ್ಧತೆ, ತುಸು ಸಿಹಿ ಇದರಲ್ಲಿ ಕಡಿಮೆ. ಆದ್ದರಿಂದ ಅನುಭವಿಗಳು ಇದನ್ನು ಒಂಟಿಯಾಗಿ ಬಳಸುವುದಿಲ್ಲ. ಹೂವಿನ ಛಾಯೆಗೆ ಜೆರಾನಿಯಾಲ್ ಅಥವಾ ಫಿನೈಲ್ ಈಥೈಲ್ ಆಲ್ಕೊಹಾಲ್, ಸಿಹಿಗೆ ಕೌಮರಿನ್ ಅಥವಾ ವೆನಿಲಿನ್, ಮೊದಲ ಕ್ಷಣದ ಏರಿಕೆಗೆ ಬ್ಯಾಕ್ಡನಾಲ್‌ನಂತಹ ಪ್ರಬಲ ಪದಾರ್ಥದ ಒಂದಿಷ್ಟು, ಹೀಗೆ ಕೂಡಿಸಿದ ಮಿಶ್ರಣವೇ ‘ಸ್ಯಾಂಡಲ್ ಕಾಂಪೌಂಡ್’ ಎಂಬ ಹೆಸರಿನಲ್ಲಿ ಡಬ್ಬದಲ್ಲಿ ಬರುವುದು.

ಇದರ ದೊಡ್ಡ ಗುಣ ಬಾಳಿಕೆ. ಬ್ಲಾಟರ್ ಕಾಗದದ ಮೇಲೆ ಒಂದು ಹನಿ ಹಾಕಿಟ್ಟರೆ ವಾರಗಟ್ಟಲೆ ಪರಿಮಳ ಉಳಿಯುತ್ತದೆ. ಭಾರವಾದ ಅಣು, ನಿಧಾನವಾಗಿ ಆವಿಯಾಗುವ ಸ್ವಭಾವ ಇದಕ್ಕೆ ಕಾರಣ. ಊದುಬತ್ತಿಯಲ್ಲಿ ಈ ಗುಣವೇ ಕೆಲಸಕ್ಕೆ ಬರುವುದು. ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಗ್ರಾಹಕರ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಊದುಬತ್ತಿ ಉರಿಯುವಾಗ ಸುಗಂಧ ಸುಟ್ಟು ಹೊರಬರುವುದಲ್ಲ. ಕೆಂಡದಲ್ಲಿ ಸಿಕ್ಕಿದ್ದು ಸುಟ್ಟೇ ಹೋಗುತ್ತದೆ. ಕೆಂಡದ ಹಿಂದಿರುವ, ಇನ್ನೂ ಉರಿಯದ ಆದರೆ ಕಾದ ಭಾಗದಿಂದ ಆವಿಯಾಗಿ ಏಳುವುದೇ ಪರಿಮಳ. ಹಗುರವಾದ ನಿಂಬೆ, ಹಣ್ಣು, ಹಸಿರು ಛಾಯೆಯ ಪದಾರ್ಥಗಳು ಕೆಂಡ ಬರುವ ಎಷ್ಟೋ ಮೊದಲೇ, ಕೆಲವು ಪೊಟ್ಟಣದಲ್ಲಿರುವಾಗಲೇ, ಹೊರಟುಹೋಗುತ್ತವೆ. ಆದುದರಿಂದ ಪೊಟ್ಟಣ ಮೂಸಿದಾಗ ಘಮಘಮಿಸಿದ ಬತ್ತಿ ಹಚ್ಚಿದಾಗ ಬರಿಯ ಇದ್ದಿಲ ವಾಸನೆ ಕೊಡುವುದುಂಟು. ಸಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಐ.ಬಿ.ಸಿ.ಎಚ್. ಕೂಡ ಅದೇ ಆಸುಪಾಸಿನದು. ಹಾಗಾಗಿ ಅದು ಕೆಂಡದ ಸಮೀಪ ಬರುವವರೆಗೂ ಕಡ್ಡಿಯಲ್ಲಿ ಕಾದು ಕುಳಿತು, ತಕ್ಕ ಸಮಯದಲ್ಲಿ ಏಳುತ್ತದೆ. ಒಳ್ಳೆಯ ಮಿಶ್ರಣದಲ್ಲಿ ಪೊಟ್ಟಣದ ಪರಿಮಳಕ್ಕೂ ಉರಿದಾಗಿನ ಪರಿಮಳಕ್ಕೂ ಬೇರೆ ಬೇರೆ ಪದಾರ್ಥಗಳಿರುತ್ತವೆ. ಅಂಗಡಿಯವನು ಮೂಸಿ ಕೊಳ್ಳುತ್ತಾನೆ; ಗೃಹಿಣಿ ಹಚ್ಚಿ ನೋಡಿ ಮತ್ತೆ ಕೊಳ್ಳುತ್ತಾಳೆ. ಮೊದಲನೆಯ ಮಾರಾಟ ಬೇರೆ, ಎರಡನೆಯದು ಬೇರೆ.

ಡಿ.ಇ.ಪಿ., ಅಂದರೆ ಡೈಈಥೈಲ್ ಥ್ಯಾಲೇಟ್, ತಾನೇ ವಾಸನೆ ಕೊಡದ ಎಣ್ಣೆಯಂತಹ ದ್ರಾವಕ. ಕುದಿಬಿಂದು ಸುಮಾರು 295 ಡಿಗ್ರಿ. ಕಾಂಪೌಂಡನ್ನು ಇದರಲ್ಲಿ ತೆಳುಮಾಡಿ ಅದರಲ್ಲಿ ಕಚ್ಚಾ ಬತ್ತಿಯನ್ನು ಅದ್ದುತ್ತಾರೆ. ಅಗ್ಗವಾದುದರಿಂದ ಮೋಸಕ್ಕೂ ಇದೇ ಸಾಧನ. ಕೆ.ಜಿ.ಗೆ ಇಷ್ಟು ಎಂದು ದರ ಕೊಟ್ಟು ತಂದ ಕಾಂಪೌಂಡಿನಲ್ಲಿ ಮಾರುವವನು ಈಗಾಗಲೇ ಎಷ್ಟು ಡಿ.ಇ.ಪಿ. ಸೇರಿಸಿದ್ದಾನೆಂಬುದು ಕಣ್ಣಿಗಾಗಲೀ ಮೂಗಿಗಾಗಲೀ ಸುಲಭವಾಗಿ ತಿಳಿಯದು. ಎರಡು ಕಾಂಪೌಂಡುಗಳ ದರವನ್ನು ಹೋಲಿಸುವುದು ಅವೆರಡರ ಬಲವನ್ನೂ ಹೋಲಿಸಿದ ಮೇಲಷ್ಟೇ ಅರ್ಥಪೂರ್ಣ.

ಸಾಬೂನಿನ ವಿಷಯ ಚಿಕ್ಕದು. ಸಾಬೂನು ಕ್ಷಾರೀಯ, ಅದರಲ್ಲಿ ಎಸ್ಟರ್ ಮತ್ತು ಆಲ್ಡಿಹೈಡ್ ವರ್ಗದ ಎಷ್ಟೋ ಸುಗಂಧಗಳು ಕೆಡುತ್ತವೆ. ಐ.ಬಿ.ಸಿ.ಎಚ್. ಸ್ಥಿರವಾದ ಮದ್ಯಸಾರವಾದ್ದರಿಂದ ಕೆಡುವುದಿಲ್ಲ, ಬಣ್ಣವನ್ನೂ ಬದಲಿಸುವುದಿಲ್ಲ. ಬಿಳಿ ಸಾಬೂನು ಕೆಲವು ವಾರಗಳಲ್ಲಿ ಕಂದಾದರೆ ಜೊತೆಗಿರುವ ವೆನಿಲಿನ್ ಕಡೆ ಮೊದಲು ನೋಡಬೇಕು.

ಒಂದೇ ಹೆಸರು, ಎರಡು ವಾಸನೆ

ಕೊಳ್ಳುವವರು ಬಹುಮುಖ್ಯವಾಗಿ ತಿಳಿಯಬೇಕಾದ ಅಂಶ ಇನ್ನೊಂದಿದೆ. ಐ.ಬಿ.ಸಿ.ಎಚ್. ಒಂದೇ ಅಣುವಲ್ಲ. ಕ್ಯಾಂಫೀನ್ ಮತ್ತು ಗ್ವಯಕಾಲ್ ಕೂಡುವಾಗ ಒಂದೇ ಸಂಖ್ಯೆಯ ಪರಮಾಣುಗಳು ಹಲವು ಬಗೆಯಾಗಿ ಜೋಡಣೆಗೊಂಡು ಅನೇಕ ಸಮಾಂಗಿಗಳ ಮಿಶ್ರಣವಾಗುತ್ತದೆ. ಇವುಗಳಲ್ಲಿ ಗಂಧದ ವಾಸನೆ ನಿಜವಾಗಿ ಕೊಡುವುದು ಕೆಲವು ಮಾತ್ರ. ಉಳಿದವು ವಾಸನೆಯಿಲ್ಲದೆ, ಅಥವಾ ಅತಿ ಮಂದವಾಗಿ, ತೂಕಕ್ಕೆ ಮಾತ್ರ ಸೇರುತ್ತವೆ. ಯಾವ ವೇಗವರ್ಧಕ, ಎಷ್ಟು ಉಷ್ಣತೆ, ಹೇಗೆ ಬಟ್ಟಿ ಇಳಿಸಿದ್ದಾರೆ ಎಂಬುದರ ಮೇಲೆ ಅವುಗಳ ಪ್ರಮಾಣ ಬದಲಾಗುತ್ತದೆ. ಹೀಗಾಗಿ ‘ಶುದ್ಧತೆ ಶೇ. 95’ ಎಂದು ಬರೆದ ಇಬ್ಬರು ತಯಾರಕರ ಮಾಲು, ಕಾಗದದ ಮೇಲೆ ಒಂದೇ ಆಗಿದ್ದೂ, ಮೂಗಿಗೆ ಎರಡಾಗಿರಬಹುದು. ಆ ಶೇಕಡಾವಾರು ಎಲ್ಲ ಸಮಾಂಗಿಗಳ ಒಟ್ಟು ಮೊತ್ತ. ಪರಿಮಳ ಕೊಡುವವುಗಳ ಪಾಲಲ್ಲ. ಕೆ.ಜಿ.ಗೆ ನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಸರಬರಾಜುದಾರನನ್ನು ಬದಲಿಸಿ, ಮೂರು ತಿಂಗಳ ಬಳಿಕ ‘ಈ ಸಲದ ಬತ್ತಿ ಮೊದಲಿನಂತಿಲ್ಲ’ ಎಂದು ಅಂಗಡಿಗಳಿಂದ ಪೆಟ್ಟಿಗೆಗಳು ಮರಳಿ ಬಂದಾಗ ಕಾರಣ ಹುಡುಕಾಡುವವರು ಈ ಸಂಗತಿಯನ್ನು ಅರಿತಿರುವುದಿಲ್ಲ.

ಪರೀಕ್ಷೆಗೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಪ್ರತಿ ಸಲ ಬಂದ ಮಾಲಿನಿಂದ ನೂರು ಮಿ.ಲೀ.ನಷ್ಟು ತೆಗೆದು, ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ದಿನಾಂಕ, ಬಿಲ್ ಸಂಖ್ಯೆ, ಲಾಟ್ ಸಂಖ್ಯೆ ಬರೆದು ತೆಗೆದಿಡಬೇಕು. ಹೊಸ ಮಾಲು ಬಂದಾಗ ಹಳೆಯದರ ಪಕ್ಕದಲ್ಲೇ ಬ್ಲಾಟರ್ ಮೇಲೆ ಹಾಕಿ ತಕ್ಷಣ, ಒಂದು ದಿನದ ನಂತರ, ಒಂದು ವಾರದ ನಂತರ ಮೂಸಿ ನೋಡಬೇಕು. ಬಳಿಕ ಎರಡರಿಂದಲೂ ಕೆಲವು ಕಡ್ಡಿಗಳನ್ನು ಅದ್ದಿ, ಒಣಗಿಸಿ, ಮುಚ್ಚಿದ ಕೋಣೆಯಲ್ಲಿ ಬೇರೆ ಬೇರೆಯಾಗಿ ಹಚ್ಚಿ ನೋಡಬೇಕು. ಮೂಸುವವರು ಮೂವರಾದರೂ ಇರಲಿ. ಗಂಧದ ಕೆಲವು ಅಣುಗಳ ವಾಸನೆ ಕೆಲವರಿಗೆ ತಿಳಿಯುವುದೇ ಇಲ್ಲ. ಮಾಲೀಕನೇ ಅಂತಹವನಾಗಿದ್ದರೆ, ಘಟಕದ ತೀರ್ಮಾನವೆಲ್ಲ ಅವನೊಬ್ಬನ ಮೂಗಿನ ಮೇಲೆ ನಿಂತಿದ್ದರೆ, ಆಗುವ ಪರಿಣಾಮ ಊಹಿಸಬಹುದು.

ದ್ರವ ಮಂದವಾದ್ದರಿಂದ ಡಬ್ಬದ ತಳಕ್ಕೆ, ಗೋಡೆಗೆ ಅಂಟಿ ಉಳಿಯುತ್ತದೆ. 25 ಕೆ.ಜಿ. ಡಬ್ಬದಲ್ಲಿ 200 ಗ್ರಾಂ ಉಳಿದರೆ ಅದು ಶೇ. 0.8. ಚಳಿಗಾಲದಲ್ಲಿ ಡಬ್ಬವನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು ಬೆಚ್ಚಗೆ ಮಾಡಿ ಸುರಿಯುವುದು, ಕೊನೆಗೆ ಅದೇ ಡಬ್ಬಕ್ಕೆ ಡಿ.ಇ.ಪಿ. ಹಾಕಿ ತೊಳೆದು ಆ ದ್ರವವನ್ನೇ ಬಳಸುವುದು ಲಾಭಕರ. ನೇರ ಬೆಂಕಿಯ ಮೇಲೆ ಮಾತ್ರ ಕಾಯಿಸಕೂಡದು.

ಖರ್ಚು ಮತ್ತು ತೆರಿಗೆ

ಈಗ ಲೆಕ್ಕಕ್ಕೆ ಬರಬಹುದು. ಕೆಳಗಿನ ದರಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಪ್ರತಿ ಉದ್ಯಮಿಯೂ ತನ್ನ ಬಿಲ್ಲಿನ ದರಗಳನ್ನು ಈ ಜಾಗದಲ್ಲಿ ಇಟ್ಟು ನೋಡಿಕೊಳ್ಳಬೇಕು. ಪೊಟ್ಟಣ, ಕೂಲಿ, ಬಾಡಿಗೆಗಳನ್ನು ಸರಳತೆಗಾಗಿ ಬಿಡಲಾಗಿದೆ.

ಕಚ್ಚಾ ಬತ್ತಿ 100 ಕೆ.ಜಿ., ದರ 70 ರೂ.: 7,000 ರೂ.
ಕಾಂಪೌಂಡ್ 6 ಕೆ.ಜಿ., ದರ 1,200 ರೂ.: 7,200 ರೂ.
ಡಿ.ಇ.ಪಿ. 24 ಕೆ.ಜಿ., ದರ 150 ರೂ.: 3,600 ರೂ.
ಒಟ್ಟು: 17,800 ರೂ.

ಸುಗಂಧದ ಪಾಲು 10,800 ರೂ., ಅಂದರೆ ಒಟ್ಟು ಕಚ್ಚಾಮಾಲಿನ ಶೇ. 60ಕ್ಕೂ ಹೆಚ್ಚು. ಒಂದು ಪಾಲು ಕಾಂಪೌಂಡಿಗೆ ನಾಲ್ಕು ಪಾಲು ಡಿ.ಇ.ಪಿ. ಎಂಬುದನ್ನು ಐದು ಪಾಲಿಗೆ ಏರಿಸಿದರೆ ಕಾಂಪೌಂಡ್ 5 ಕೆ.ಜಿ., ಡಿ.ಇ.ಪಿ. 25 ಕೆ.ಜಿ. ಆಗಿ ಸುಗಂಧದ ಖರ್ಚು 9,750 ರೂ.ಗೆ ಇಳಿಯುತ್ತದೆ, ಉಳಿತಾಯ 1,050 ರೂ. ಈ ಮಾಲು 30,000 ರೂ.ಗೆ ಮಾರಾಟವಾಗುವುದಾದರೆ ಅದು ಮಾರಾಟದ ಶೇ. 3.5. ಸ್ಪರ್ಧೆಯ ಒತ್ತಡದಲ್ಲಿ ಮೊದಲು ಕೈ ಹೋಗುವುದು ಈ ಉಳಿತಾಯದ ಕಡೆಗೇ. ಒಂದು ಊರಿನ ಅಂಗಡಿಗಳಿಂದ ಒಂದು ಸಲ ಮಾಲು ವಾಪಸು ಬಂದರೆ ಸಾಗಣೆ ಖರ್ಚಿಗೇ ಅದು ಸಾಲದು.

ತೂಕದ ವಿಷಯದಲ್ಲಿಯೂ ಒಂದು ಸಾಮಾನ್ಯ ತಪ್ಪು ಕಂಡುಬರುತ್ತದೆ. 100 ಕೆ.ಜಿ. ಬತ್ತಿಗೆ 30 ಕೆ.ಜಿ. ದ್ರವ ಸೇರಿದರೆ 130 ಕೆ.ಜಿ. ಎಂದು ಬರೆದುಕೊಳ್ಳುತ್ತಾರೆ. ಸೋರಿದ ಹನಿ, ಆರಿದ ತೇವ, ಮುರಿದ ಕಡ್ಡಿ ಕಳೆದು ಕೈಗೆ ಬಂದದ್ದು 128 ಕೆ.ಜಿ. ಎಂದಾದರೆ ಕೆ.ಜಿ.ಯ ಖರ್ಚು 136.92 ರೂ. ಅಲ್ಲ, 139.06 ರೂ. ದಾಸ್ತಾನು ಮೌಲ್ಯಮಾಪನದ ಲೆಕ್ಕಪತ್ರ ಮಾನಕ 2ರ ಪ್ರಕಾರ ಇಂತಹ ಸಹಜ ನಷ್ಟವು ಉಳಿದ ಮಾಲಿನ ವೆಚ್ಚಕ್ಕೆ ಸೇರುತ್ತದೆ. ಡಬ್ಬ ಉರುಳಿ ಚೆಲ್ಲಿಹೋದಂತಹ ಅಸಹಜ ನಷ್ಟ ಸೇರುವುದಿಲ್ಲ, ಅದು ನೇರವಾಗಿ ಲಾಭ ನಷ್ಟದ ಖಾತೆಗೆ ಹೋಗುತ್ತದೆ. ಹಾಗೆ ನಾಶವಾದ ಮಾಲಿನ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಬರೆದಿಡದಿದ್ದರೆ ಪರಿಶೀಲನೆಯ ವೇಳೆ ಸಹಜ ನಷ್ಟವನ್ನೂ ನಾಶವೆಂದೇ ಎಣಿಸುವ ವಾದ ಎದುರಾಗುತ್ತದೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಊದುಬತ್ತಿಗೆ ಶೇ. 5. ಸುಗಂಧ ಮಿಶ್ರಣ 3302ನೇ ಶೀರ್ಷಿಕೆಯಲ್ಲಿ, ಐ.ಬಿ.ಸಿ.ಎಚ್., ಡಿ.ಇ.ಪಿ.ಗಳಂತಹ ಬಿಡಿ ರಾಸಾಯನಿಕಗಳು 29ನೇ ಅಧ್ಯಾಯದಲ್ಲಿ ಬರುತ್ತವೆ; ಇವಕ್ಕೆ ಶೇ. 18. ಮೇಲಿನ ಉದಾಹರಣೆಯಲ್ಲಿ ಸುಗಂಧದ ಮೇಲೆ 1,944 ರೂ., ಕಚ್ಚಾ ಬತ್ತಿಯ ಮೇಲೆ ಶೇ. 5ರಂತೆ 350 ರೂ., ಒಟ್ಟು 2,294 ರೂ. ತೆರಿಗೆ ಕೊಂಡಾಗಲೇ ಕೊಟ್ಟಾಗಿರುತ್ತದೆ. ಮಾರಾಟದ ಮೇಲಿನ ತೆರಿಗೆ 1,500 ರೂ. ಮಾತ್ರ. ಉಳಿದ 794 ರೂ. ಜಮೆಯ ಖಾತೆಯಲ್ಲಿ ನಿಂತಿರುತ್ತದೆ. ತಿಂಗಳು ತಿಂಗಳಿಗೆ ಹೀಗೆ ಕೂಡುತ್ತ ಹೋಗುವ ಮೊತ್ತವನ್ನು ‘ಸರ್ಕಾರದಲ್ಲಿ ಇದೆ, ಎಲ್ಲಿಗೆ ಹೋದೀತು’ ಎಂದು ಬಿಟ್ಟಿರುವ ಘಟಕಗಳಿವೆ. ಇದು ಬ್ಯಾಂಕಿನ ಬಡ್ಡಿಗೆ ತಂದ ಹಣ ಎಂಬುದು ಅವರಿಗೆ ಹೊಳೆಯುವುದಿಲ್ಲ.

ವಿಲೋಮ ತೆರಿಗೆ ವ್ಯವಸ್ಥೆಯಡಿ, ಕೇಂದ್ರ ಕಾಯ್ದೆಯ 54(3)ನೇ ಕಲಮಿನಂತೆ, ಈ ಮೊತ್ತವನ್ನು ಮರಳಿ ಪಡೆಯಬಹುದು. ಸಂಬಂಧಿತ ತಿಂಗಳ ವಿವರಪಟ್ಟಿ ಸಲ್ಲಿಕೆಯ ಕೊನೆಯ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿ ಹಾಕಬೇಕು. ಬಾಡಿಗೆ, ಸಾಗಣೆ ಮುಂತಾದ ಸೇವೆಗಳ ಮೇಲಿನ ಜಮೆಗೆ ಮರುಪಾವತಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ವಿ.ಕೆ.ಸಿ. ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ಸೂತ್ರದಲ್ಲಿದ್ದ ದೋಷವನ್ನು ನ್ಯಾಯಾಲಯ ಗುರುತಿಸಿದ ಬಳಿಕ, 2022ರ ಜುಲೈ 5ರಿಂದ ಅದನ್ನು ತಿದ್ದಲಾಯಿತು. ಇದರ ಅನುಕೂಲ ಹೀಗಿದೆ: ಮೇಲಿನ ಘಟಕಕ್ಕೆ ಸೇವೆಗಳ ಮೇಲೆ 540 ರೂ. ಜಮೆಯೂ ಇದೆ ಎನ್ನಬಹುದು. ಹಳೆಯ ಸೂತ್ರದಲ್ಲಿ 2,294ರಿಂದ 1,500 ಪೂರ್ತಿ ಕಳೆದು 794 ರೂ. ಮಾತ್ರ ದೊರೆಯುತ್ತಿತ್ತು. ಹೊಸ ಸೂತ್ರದಲ್ಲಿ 1,500 ರೂ.ಗಳನ್ನು ಸರಕು ಮತ್ತು ಸೇವೆಗಳ ಜಮೆಯ ಅನುಪಾತದಲ್ಲಿ ಹಂಚಿ, ಸರಕಿನ ಪಾಲಾದ ಸುಮಾರು 1,214 ರೂ. ಮಾತ್ರ ಕಳೆಯುವುದರಿಂದ ಮರುಪಾವತಿ 1,080 ರೂ. ಆಗುತ್ತದೆ.

ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಯೋಜನೆ, ಸರಳವೆಂದು ಸೇರುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿನ ತಯಾರಕರಿಗೆ ಇಲ್ಲಿ ತೆರಿಗೆ ಶೇ. 1, ಆದರೆ ಹೂಡುವಳಿ ಜಮೆ ಇಲ್ಲ, ಮರುಪಾವತಿಯೂ ಇಲ್ಲ. ನೋಂದಣಿಯಿಲ್ಲದ ಅಂಗಡಿಯವನು ಎರಡೂ ಸಂದರ್ಭಗಳಲ್ಲಿ 31,500 ರೂ. ಕೊಡುವನೆಂದರೆ, ಸಾಮಾನ್ಯ ನೋಂದಣಿಯವನಿಗೆ ತೆರಿಗೆ ಕಳೆದು 30,000, ಕಚ್ಚಾಮಾಲು ಕಳೆದು 12,200 ರೂ. ಉಳಿಯುತ್ತದೆ. ರಾಜಿ ತೆರಿಗೆಯವನಿಗೆ 31,500ರಲ್ಲಿ ತೆರಿಗೆ 315, ಕಚ್ಚಾಮಾಲು 17,800, ಅದರ ಮೇಲೆ ತೆತ್ತ 2,294 ಕಳೆದು ಉಳಿಯುವುದು 11,091 ರೂ. ಮರುಪಾವತಿಯ 794 ರೂ. ಬಾರದೇ ಹೋದರೂ ಸಾಮಾನ್ಯ ನೋಂದಣಿಯವನೇ 315 ರೂ. ಮುಂದಿರುತ್ತಾನೆ. ಕಚ್ಚಾಮಾಲಿನ ತೆರಿಗೆ ಶೇ. 18, ಮಾರಾಟದ ತೆರಿಗೆ ಶೇ. 5 ಇರುವ ಉದ್ಯಮಕ್ಕೆ ರಾಜಿ ತೆರಿಗೆ ಹೊಂದುವುದು ಅಪರೂಪ.

ಸೆಂಟು ಕೊಡುವವನು ಸೂಕ್ಷ್ಮ ಅಥವಾ ಸಣ್ಣ ತಯಾರಕನಾಗಿ ‘ಉದ್ಯಮ್’ ನೋಂದಣಿ ಹೊಂದಿದ್ದರೆ ಪಾವತಿಯ ಅವಧಿಯನ್ನೂ ನೋಡಿಕೊಳ್ಳಬೇಕು. ಬರಹದ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನ. ಆ ಅವಧಿ ಮೀರಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವನ್ನು, 2023–24ನೇ ಹಣಕಾಸು ವರ್ಷದಿಂದ ಜಾರಿಯಾದ ಆದಾಯ ತೆರಿಗೆ ನಿಯಮದಂತೆ, ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ಒಪ್ಪಲಾಗುತ್ತದೆ. ಆರು ತಿಂಗಳ ಉದ್ದರಿಯಲ್ಲಿ ಸೆಂಟು ತರುವ ಹಳೆಯ ರೂಢಿಗೆ ಈಗ ತೆರಿಗೆಯ ರೂಪದಲ್ಲಿ ಬಡ್ಡಿ ಬಿದ್ದಂತಾಗಿದೆ.

ಪೊಟ್ಟಣದ ಮೇಲಿನ ಹೆಸರು

ಮಂಡ್ಯ, ಪಾಂಡವಪುರದ ಆಲೆಮನೆಗಳಿಂದ ಬರುವ ಬೆಲ್ಲದಲ್ಲಿ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಹಾಕಿದ್ದೂ ಉಂಟು, ಹಾಕದ ಕಪ್ಪು ಬೆಲ್ಲವೂ ಉಂಟು. ಎರಡಕ್ಕೂ ಗಿರಾಕಿಗಳಿದ್ದಾರೆ. ಜಗಳ ಹುಟ್ಟುವುದು ಮೊದಲನೆಯದನ್ನು ಎರಡನೆಯದರ ಹೆಸರಿನಲ್ಲಿ ಮಾರಿದಾಗ. ಗಂಧದ ವಿಷಯವೂ ಹೀಗೆಯೇ. ‘ಸ್ಯಾಂಡಲ್ ಪರಿಮಳದ ಊದುಬತ್ತಿ’ ಎಂಬ ಬರಹಕ್ಕೂ ‘ಅಪ್ಪಟ ಶ್ರೀಗಂಧದೆಣ್ಣೆಯಿಂದ ತಯಾರಿಸಿದ್ದು’ ಎಂಬ ಬರಹಕ್ಕೂ ಕಾನೂನಿನ ದೃಷ್ಟಿಯಲ್ಲಿ ಬಹಳ ಅಂತರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ದಾರಿ ತಪ್ಪಿಸುವ ಜಾಹೀರಾತುಗಳ ಕುರಿತ 2022ರ ಮಾರ್ಗಸೂಚಿಗಳ ಅಡಿಯಲ್ಲಿ ಎರಡನೆಯದನ್ನು ಸಾಬೀತುಪಡಿಸುವ ಹೊಣೆ ಹೇಳಿಕೊಂಡವನದೇ. ಖರೀದಿ ಪುಸ್ತಕದಲ್ಲಿ 3302ರ ಕಾಂಪೌಂಡಿನ ಬಿಲ್ಲುಗಳು ಮಾತ್ರ ಇದ್ದು, ಗಂಧದೆಣ್ಣೆಯ ಬಿಲ್ಲು ಒಂದೂ ಇಲ್ಲದಿದ್ದರೆ ವಾದಕ್ಕೆ ಆಧಾರವೇ ಇರುವುದಿಲ್ಲ. ‘ಮೈಸೂರು ಅಗರಬತ್ತಿ’ ಎಂಬುದು ನೋಂದಾಯಿತ ಭೌಗೋಳಿಕ ಸೂಚಕ. ಶ್ರೀರಂಗಪಟ್ಟಣ ಮೈಸೂರಿಗೆ ಕೂಗಳತೆಯಲ್ಲಿದೆ ಎಂಬ ಕಾರಣಕ್ಕೆ ಆ ಹೆಸರನ್ನು ಅಚ್ಚು ಹಾಕಿಸಲಾಗದು. ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಂಡಿರಬೇಕು.

2025ರ ಡಿಸೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಊದುಬತ್ತಿಗೆಂದೇ ಐ.ಎಸ್. 19412:2025 ಎಂಬ ಮಾನಕವನ್ನು ಹೊರತಂದಿತು. ಯಂತ್ರದ ಬತ್ತಿ, ಕೈಯಲ್ಲಿ ಹೊಸೆದ ಬತ್ತಿ, ಸಾಂಪ್ರದಾಯಿಕ ಮಸಾಲೆ ಬತ್ತಿ ಎಂಬ ವಿಂಗಡಣೆ ಅದರಲ್ಲಿದೆ. ಕಚ್ಚಾಮಾಲು, ಉರಿಯುವ ಗುಣ, ಪರಿಮಳ ಇವುಗಳಿಗೂ ಮಟ್ಟ ನಿಗದಿಯಾಗಿದೆ. ಅಲೆಥ್ರಿನ್, ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಫಿಪ್ರೊನಿಲ್‌ಗಳಂತಹ ಕೀಟನಾಶಕಗಳನ್ನೂ, ಬೆಂಜೈಲ್ ಸಯನೈಡ್, ಈಥೈಲ್ ಅಕ್ರಿಲೇಟ್, ಡೈಫಿನೈಲಮೀನ್‌ಗಳಂತಹ ಸುಗಂಧ ಸಂಬಂಧಿ ರಾಸಾಯನಿಕಗಳನ್ನೂ ಅದು ನಿಷೇಧಿಸುತ್ತದೆ. ಮಾನಕದ ಗುರುತು ಪಡೆಯಬಯಸುವ ಘಟಕಕ್ಕೆ ತೊಡಕು ಇರುವುದು ಕಾಂಪೌಂಡಿನ ಡಬ್ಬದಲ್ಲಿ. ಇಪ್ಪತ್ತು ಮೂವತ್ತು ಪದಾರ್ಥಗಳ ಮಿಶ್ರಣದ ಸೂತ್ರವನ್ನು ಮಾರುವವನು ಬಿಟ್ಟುಕೊಡುವುದಿಲ್ಲ. ಅದು ಅವನ ಬಂಡವಾಳ. ಕಾಂಪೌಂಡಿನೊಳಗೆ ಏನಿದೆ ಎಂದು ತಿಳಿಯದೆ ಕೊಂಡವನು ಮಾತ್ರ ತನ್ನ ಹೆಸರಿನ ಪೊಟ್ಟಣಕ್ಕೆ ಉತ್ತರ ಹೇಳಬೇಕು.

ಈ ಭಯ ಬರಿಯ ಊಹೆಯಲ್ಲ. ಕಸ್ತೂರಿಯ ಬದಲಿಗೆ ದಶಕಗಳ ಕಾಲ ಊದುಬತ್ತಿ, ಸಾಬೂನುಗಳಲ್ಲಿ ಬಳಕೆಯಾದ ಮಸ್ಕ್ ಆಂಬ್ರೆಟ್ ಎಂಬ ಸಂಶ್ಲೇಷಿತ ಪದಾರ್ಥವು ಬಿಸಿಲಿಗೆ ಚರ್ಮದ ಅಲರ್ಜಿ ತರುವುದೆಂದೂ, ನರಗಳಿಗೆ ಹಾನಿಕರವೆಂದೂ ತಿಳಿದುಬಂದು, 1995ರಲ್ಲಿ ಯೂರೋಪಿನಲ್ಲಿ ಸೌಂದರ್ಯವರ್ಧಕಗಳಿಂದ ನಿಷೇಧಕ್ಕೊಳಗಾಯಿತು. ಊದುಬತ್ತಿ ಮುಟ್ಟುತ್ತಿದ್ದವರ ಚರ್ಮದ ತೊಂದರೆಗೂ ಅದಕ್ಕೂ ಇರುವ ನಂಟನ್ನು ವೈದ್ಯಕೀಯ ವರದಿಗಳು ದಾಖಲಿಸಿವೆ. ಗಂಧದ ಕಾಂಪೌಂಡಿನಲ್ಲಿ ಐ.ಬಿ.ಸಿ.ಎಚ್. ಜೊತೆಗೆ ‘ಬಾಳಿಕೆಗೆ’ ಎಂದು ಇನ್ನೇನು ಸೇರಿದೆ ಎಂಬ ಪ್ರಶ್ನೆ ಆದ್ದರಿಂದ ಅಸಂಗತವಲ್ಲ.

ಸೂತ್ರ ಕೇಳದೆಯೂ ಕೇಳಬಹುದಾದ ಕಾಗದಗಳಿವೆ. ಪ್ರತಿ ಲಾಟಿಗೆ ವಿಶ್ಲೇಷಣಾ ಪತ್ರ, ಪ್ರತಿ ಕಾಂಪೌಂಡಿಗೆ ಸುರಕ್ಷತಾ ಮಾಹಿತಿ ಪತ್ರ, ಅಂತರರಾಷ್ಟ್ರೀಯ ಸುಗಂಧ ಸಂಘದ ನಿಯಮಗಳಿಗೆ ಒಳಪಟ್ಟಿದೆ ಎಂಬ ಪ್ರಮಾಣಪತ್ರ, ಮತ್ತು ಐ.ಎಸ್. 19412ರಲ್ಲಿ ನಿಷೇಧಿಸಿದ ಪದಾರ್ಥಗಳು ಇಲ್ಲವೆಂದು ಮಾರಾಟಗಾರನ ಸಹಿ, ಮೊಹರು ಇರುವ ಘೋಷಣೆ. ಇವನ್ನು ಖರೀದಿ ಆದೇಶದಲ್ಲಿಯೇ ಷರತ್ತಾಗಿ ಬರೆದು, ಕಾಗದಗಳು ಬಂದ ಮೇಲೆ ಬಿಲ್ಲನ್ನು ಒಪ್ಪಿಕೊಳ್ಳುವ ಕ್ರಮವಿಟ್ಟುಕೊಂಡರೆ ಮಾರುವವರೂ ದಾರಿಗೆ ಬರುತ್ತಾರೆ. ಕಂದು ಬಾಟಲಿಯಲ್ಲಿ ತೆಗೆದಿಟ್ಟ ಮಾದರಿಯನ್ನು ಆ ಲಾಟಿನ ಊದುಬತ್ತಿ ಪೂರ್ತಿ ಮಾರಾಟವಾದ ಮೇಲೂ ಒಂದು ವರ್ಷ ಉಳಿಸಿಕೊಳ್ಳಬೇಕು. ಬಾಟಲಿಯ ಮೇಲಿನ ಲಾಟ್ ಸಂಖ್ಯೆ, ಘೋಷಣಾ ಪತ್ರದ ಸಂಖ್ಯೆ ಮತ್ತು ಖರೀದಿ ಬಿಲ್ಲಿನ ಸಂಖ್ಯೆ ಮೂರೂ ದಾಸ್ತಾನು ಪುಸ್ತಕದ ಒಂದೇ ಸಾಲಿನಲ್ಲಿ ನಮೂದಾಗಿರಬೇಕು.